ಗ್ಯಾಲನ್ನಿಗೆ ಎಷ್ಟು

ಹಾಸಿಗೆ ಬಿಟ್ಟು ಏಳಲಾರದವರ ಕೂದಲು ಕತ್ತರಿಸುವುದು ನನ್ನ ಕೆಲಸ.
ಕತ್ತರಿ, ಬಾಚಣಿಗೆ, ಒಂದು ನೀಲಿ ಹೊದಿಕೆ,
ಮತ್ತೆ ಹದಿನೆಂಟು ವರ್ಷದ ಈ ಪುಟ್ಟ ಕಾರು:
ಇಷ್ಟೇ ನನ್ನ ಅಂಗಡಿ.
ಮಿನೆಸೋಟದ ಈ ಉತ್ತರದಂಚಿನಲ್ಲಿ
ಒಂದು ತಲೆಗೂ ಇನ್ನೊಂದು ತಲೆಗೂ ನಡುವೆ
ಹತ್ತೊಂಬತ್ತು ಮೈಲಿ ಭೂರ್ಜ ಮರಗಳು.
ಪೆಟ್ರೋಲು ಬಂಕಿನ ಹಲಗೆಯ ಅಂಕಿ ಮತ್ತೆ ಬದಲಾದ ದಿನ
ಕತ್ತರಿಯ ದರವನ್ನೂ ಏರಿಸೋಣವೆಂದುಕೊಂಡೆ.
ತೊಂಬತ್ತರ ಲೆಂಪಿಯಜ್ಜಿ ಹೊದಿಕೆಯ ಕೆಳಗೇ
ಚಿಲ್ಲರೆಯನ್ನು ಎರಡೆರಡು ಸಲ ಎಣಿಸುವ ಸದ್ದು ಕೇಳಿ
ಬಾಯಿ ಮುಚ್ಚಿಕೊಂಡೆ.

ಪಾಠ ಹೇಳಿದವನು ಟೊಯ್ವೊ ನಿಸ್ಕನೆನ್.
ಮೂವತ್ತೊಂದು ವರ್ಷ ಅದಿರಿನ ರೈಲು ಓಡಿಸಿದವನು:
ಗಣಿಯಿಂದ ಸರೋವರದ ಬಂದರಿಗೆ, ತುಂಬಿದ ಬೋಗಿಗಳು, ಇಳಿಜಾರು.
ಕಿವಿಯ ಪಕ್ಕ ಕತ್ತರಿ ಆಡುವಾಗಲೂ ತಲೆಯಲ್ಲಾಡಿಸುವ ಮನುಷ್ಯ.
"ನೀನು ಬಂದದ್ದು ಕೇಳಿಸಿತು," ಅಂದ.
"ತಿರುವಿನ ತನಕ ಬೆನ್ನಟ್ಟಿದವರ ಹಾಗೆ ಓಡಿಸಿ
ಬಾಗಿಲಲ್ಲಿ ಗಕ್ಕನೆ ನಿಲ್ಲಿಸುತ್ತೀ.
ಕಾಸು ಕೊಟ್ಟು ಕೊಂಡ ವೇಗವನ್ನು
ಬ್ರೇಕಿನ ಬಿಸಿ ಮಾಡಿ ಬೀದಿಗೆ ಚೆಲ್ಲುತ್ತೀ.
ನಾನು ಹಾಗೆ ಮಾಡಿದ್ದರೆ ಸರೋವರದೊಳಗಿರುತ್ತಿದ್ದೆ."

ಮಂಗಳವಾರದಿಂದ ಶುರು ಮಾಡಿದೆ.
ಮಲಗಿದ ಮಗುವಿನ ಹೊದಿಕೆ ಸರಿಪಡಿಸುವಷ್ಟು ಮೆಲ್ಲಗೆ
ಎಕ್ಸಿಲರೇಟರಿನ ಮೇಲೆ ಕಾಲು.
ಅರ್ಧ ಮೈಲಿ ಮುಂದೆ ಕೆಂಪು ದೀಪ ಕಂಡರೆ
ಕಾಲೆತ್ತಿ, ಗೇರಿನಲ್ಲೇ ಬಿಟ್ಟು, ಉರುಳುತ್ತ ಹೋದೆ;
ತಲುಪುವಷ್ಟರಲ್ಲಿ ಅದು ಹಸಿರಾಗಿರುತ್ತಿತ್ತು. ಎಲ್ಲ ಸಲ ಅಲ್ಲ.
ಹಿಂದೆ ಪಿಕಪ್ಪಿನವನ ಹಾರ್ನು.
ಅವನ ಕೈ, ಅವನ ಹಾರ್ನು, ಬಡಿಯಲಿ.
ಚಳಿಗೆ ಟೈರು ಸೊರಗುತ್ತದೆ, ತಿಂಗಳಿಗೆರಡು ಸಲ ಗಾಳಿ ನೋಡಿಸಿದೆ.
ಬೆಳಿಗ್ಗೆ ಅಂಗಳದಲ್ಲಿ ಇಪ್ಪತ್ತು ನಿಮಿಷ ಎಂಜಿನ್ನು ಕಾಯಿಸುವ ಚಟ ಬಿಟ್ಟೆ;
ನಡುಗುತ್ತಲೇ ಹೊರಟು, ಮೊದಲ ಮೂರು ಮೈಲಿ ನಿಧಾನ.
ಡಿಕ್ಕಿಯಿಂದ ಇಳಿಸಿದ್ದು:
ಹಿಮದಲ್ಲಿ ಹಿಂಚಕ್ರ ಜಾರದಿರಲೆಂದು ಮಾಜಿ ಗಂಡ ಹೇರಿದ್ದ ಎರಡು ಮರಳು ಚೀಲ,
ಇದು ಮುಂದಿನ ಚಕ್ರ ಎಳೆಯುವ ಕಾರು ಅಂತ
ಆ ಪುಣ್ಯಾತ್ಮನಿಗೆ ಎಷ್ಟು ಸಲ ಹೇಳಿದ್ದೆನೋ,
ಮತ್ತೆ ಅವನ ಮೀನು ಹಿಡಿಯುವ ಬೂಟು, ಒಂದೇ ಕಾಲಿನದು.

ನೋಟ್‌ಬುಕ್ಕಿನಲ್ಲಿ
ಮೂವತ್ತೊಂದು ಇದ್ದದ್ದು ಮೂವತ್ತಾರು, ಮೂವತ್ತೊಂಬತ್ತು,
ಅಕ್ಟೋಬರಿನ ಒಂದು ವಾರ, ಬೆನ್ನ ಹಿಂದಿನ ಗಾಳಿಯ ಕೃಪೆ, ನಲವತ್ತೆರಡು.
ಹನಿಗೂಡಿ ಹಳ್ಳವೇನೂ ಆಗಲಿಲ್ಲ;
ತಿಂಗಳಿಗೆ ಹದಿನೇಳು ಡಾಲರು.
ಲೆಂಪಿಯಜ್ಜಿಯ ದರ ಹಾಗೇ ಉಳಿಯಿತು.
ಟೊಯ್ವೊನಿಗೆ ಮಾತ್ರ ಪ್ರತಿ ಸಲ ಅಂಕಿ ಓದಿ ಹೇಳಬೇಕು,
ಕನ್ನಡಿ ಹಿಡಿಯುವ ಮೊದಲೇ.

ಮಾರ್ಚ್ ಕೊನೆಯಲ್ಲಿ ಆತ ಕೇಳಿದ್ದು ಕ್ಷೌರವನ್ನಲ್ಲ.
"ಈ ವರ್ಷದ ಮೊದಲ ಹಡಗು ಬರುತ್ತದಂತೆ."
ಆಕ್ಸಿಜನ್ ಸಿಲಿಂಡರು ಹಿಂದಿನ ಸೀಟಿಗೆ,
ಗಾಲಿಕುರ್ಚಿ ಮಡಿಸಿ, ಮರಳು ಚೀಲಗಳಿದ್ದ ಜಾಗಕ್ಕೆ,
ಎರಡು ಕಂಬಳಿ, ಫ್ಲಾಸ್ಕು, ಟೊಯ್ವೊ.
ಬಂದರಿನ ದಂಡೆಯಲ್ಲಿ ನಿಂತೆವು. ಸೊನ್ನೆಗಿಂತ ಆರು ಕೆಳಗೆ.
ಎಂಜಿನ್ನು ಆರಿಸಿದೆ, ಅಭ್ಯಾಸಬಲ.
ಆತನ ಉಸಿರು ಗಾಜಿಗೆ ಹತ್ತಿ
ಒಳಗಡೆಯಿಂದ ಹೆಪ್ಪುಗಟ್ಟತೊಡಗಿತು.
ಮತ್ತೆ ಕೀಲಿ ತಿರುಗಿಸಿದೆ. ಹೀಟರು ಪೂರ್ತಿ.
"ನಿಂತಲ್ಲೇ ಉರಿಸುತ್ತಿದ್ದೀ," ಅಂದ. "ಗ್ಯಾಲನ್ನಿಗೆ ಸೊನ್ನೆ ಮೈಲಿ."
"ಸುಮ್ಮನಿರು," ಅಂದೆ.

ಎರಡು ಗಂಟೆ ನಲವತ್ತು ನಿಮಿಷ.
ಮಂಜುಗಡ್ಡೆ ಒಡೆಯುವ ದೋಣಿ ಮೊದಲು, ಆಮೇಲೆ
ತುಕ್ಕುಬಣ್ಣದ ಗೋಡೆಯೊಂದು ತಾನೇ ನಡೆದು ಬಂದ ಹಾಗೆ ಹಡಗು.
ಬಹಳ ದೂರದಲ್ಲೇ ಅದರ ಸದ್ದು ಇಳಿಯಿತು,
ಉಳಿದದ್ದನ್ನು ಬರೀ ಜಾರಿಕೊಂಡು ಬಂತು.
ಟೊಯ್ವೊ ನನ್ನ ಮೊಣಕೈ ತಿವಿದ:
"ನೋಡು. ನೋಡಿ ಕಲಿ."

ಆ ವಾರ ಇಪ್ಪತ್ತೊಂಬತ್ತು.
ಶುರುವಿನಲ್ಲಿ ಇದ್ದದ್ದಕ್ಕಿಂತಲೂ ಕೆಳಗೆ.
ಬಂಕಿನ ಚಳಿಗೆ ಪೆನ್ನು ಹೆಪ್ಪುಗಟ್ಟಿ ಮೂಡಲಿಲ್ಲ;
ಕಂಕುಳಲ್ಲಿಟ್ಟು ಬಿಸಿ ಮಾಡಿ
ಬರೆದೆ.